ಪಕ್ಕದ ಗಾಳಿ: ಹಾಯಿದೋಣಿ ಇಳಿದು ಟ್ರೇಲರ್ ಹತ್ತಿದ್ದು

ಮನೆ ಕೊಳ್ಳಲು ಬಂದವರು ಗೋಡೆ ತಟ್ಟುತ್ತಾರೆ, ನಲ್ಲಿ ತಿರುಗಿಸುತ್ತಾರೆ, ತಲೆಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡಿ ಹೋಗುತ್ತಾರೆ. ದೋಣಿ ಕೊಳ್ಳುವವರು ಅದನ್ನು ನೀರಿನಿಂದಲೇ ಮೇಲೆತ್ತಿಸುತ್ತಾರೆ. ಮಲೇಷ್ಯಾದ ಲಂಕಾವಿಯಲ್ಲಿ ನಮ್ಮ 34 ಅಡಿಯ ಹಾಯಿದೋಣಿ ಕ್ರೇನಿನ ಪಟ್ಟಿಗಳಲ್ಲಿ ನೇತಾಡುತ್ತಿತ್ತು. ದೋಣಿ ಪರೀಕ್ಷಿಸುವ ಸರ್ವೇಯರ್ ಒಬ್ಬರು ಪುಟ್ಟ ಸುತ್ತಿಗೆ ಹಿಡಿದು ಅದರ ಹೊಟ್ಟೆಯನ್ನು ಗೇಣು ಗೇಣಿಗೂ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. ಫೈಬರ್ ಗಟ್ಟಿಯಿದ್ದಲ್ಲಿ ಟಣ್ ಅನ್ನುತ್ತದೆ, ಪದರ ಬಿಟ್ಟಲ್ಲಿ ದಬ್ ಅನ್ನುತ್ತದೆ. ಆಮೇಲೆ ತೇವ ಅಳೆಯುವ ಮೀಟರು, ಎಂಜಿನ್ನಿನ ಎಣ್ಣೆ, ಹಾಯಿ ಕಟ್ಟುವ ಕೂವೆಕಂಬವನ್ನು ಎಳೆದು ನಿಲ್ಲಿಸಿರುವ ಉಕ್ಕಿನ ತಂತಿಗಳ ಬುಡ. ಇದೆಲ್ಲ ಕೊಳ್ಳುವವರ ಖರ್ಚು. ಮಾರುವವರ ಪಾಲಿಗೆ ಬರುವುದು ದಲ್ಲಾಳಿಯ ನೂರಕ್ಕೆ 10 ಮತ್ತು ಆ ಸುತ್ತಿಗೆಯ ಸದ್ದು. ನಾನು ಪೂರ್ತಿ ಮುಗಿಯುವವರೆಗೂ ಅಲ್ಲೇ ನಿಂತಿದ್ದೆ. ನಮ್ಮನೆಯವರು ಕಾಫಿಯ ನೆಪ ಹೇಳಿ ಎತ್ತಲೋ ಹೋಗಿಬಿಟ್ಟಿದ್ದರು.

ಇವರು ಪೆನಾಂಗ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಬಾಡಿಗೆ ಮನೆ ಬಿಟ್ಟು ದೋಣಿಯಲ್ಲೇ ಸಂಸಾರ ಹೂಡಿದ್ದು, ಕೆಲಸ ಬಿಟ್ಟ ಮೇಲೆ ಲಂಕಾವಿಗೂ ಥಾಯ್ಲೆಂಡಿನ ಫುಕೆಟ್‌ಗೂ ನಡುವೆ ಹಾಯಿ ಬಿಚ್ಚಿಕೊಂಡು ಓಡಾಡಿದ್ದು, ಅದನ್ನೆಲ್ಲ ಹೇಳಹೊರಟರೆ ಟ್ರೇಲರ್, ಅಂದರೆ ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯುವ ನಮ್ಮ ಪುಟ್ಟ ಮನೆಯ ಕಥೆಗೆ ಜಾಗ ಉಳಿಯುವುದಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಈಶಾನ್ಯದ ಒಣ ಗಾಳಿ, ಕಡಲು ಶಾಂತವಾಗಿರುತ್ತದೆ. ಮಿಕ್ಕ ದಿನ ನೈಋತ್ಯದ ಬಿರುಮಳೆ, ಬಟ್ಟೆಗೆ ಬೂಷ್ಟು, ಕಬ್ಬಿಣಕ್ಕೆ ತುಕ್ಕು. ಬಿಡಬೇಕೆಂಬ ಮಾತು ಹುಟ್ಟಿದ್ದು ಬೂಷ್ಟಿನಿಂದಲ್ಲ. 2020ರ ಮಾರ್ಚ್ 18ರಂದು ಮಲೇಷ್ಯಾ ಸಂಚಾರ ನಿರ್ಬಂಧ ಹೇರಿದಾಗ ನಾವು ಲಂಗರು ಹಾಕಿದಲ್ಲೇ ಉಳಿದೆವು, ದಾವಣಗೆರೆಯಲ್ಲಿ ಅತ್ತೆ ಒಬ್ಬರೇ ಉಳಿದರು. ಅದಾದ ಮೇಲೆ ಇವರ ಭುಜದ ನೋವು ಹೆಚ್ಚಿತು, ಹಾಯಿ ಎಳೆಯುವ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಹತ್ತು ವರ್ಷ ದಾಟಿದ ತಂತಿಗಳನ್ನು ಪೂರ್ತಿ ಬದಲಿಸದೆ ವಿಮೆ ಮುಂದುವರಿಸುವುದಿಲ್ಲ ಎಂದು ವಿಮೆಯವರು ಬರೆದರು. ಆ ಖರ್ಚಿನ ಪಟ್ಟಿ ನೋಡಿದ ರಾತ್ರಿ ಊರಿಗೆ ಹೋಗುವುದೆಂದು ಇಬ್ಬರೂ ಒಪ್ಪಿದೆವು.

ದಾವಣಗೆರೆಯ ಎಂಸಿಸಿ ಬಿ ಬ್ಲಾಕಿನ ಮನೆಗೆ ಬಂದ ಮೊದಮೊದಲಲ್ಲಿ ನೆಲ ತೂಗುತ್ತಿತ್ತು. ಬಹಳ ಕಾಲ ನೀರ ಮೇಲಿದ್ದು ಇಳಿದವರಿಗೆ ಹೀಗಾಗುವುದುಂಟು. ಕಿಟಕಿ ಬಡಿದರೆ ಇವರು ನಡುರಾತ್ರಿ ಎದ್ದು ಲಂಗರು ಜಾರಿತೇ ಎಂದು ನೋಡಲು ಹೊರಡುತ್ತಿದ್ದರು, ಹಜಾರದವರೆಗೂ ಹೋಗಿ ವಾಪಸ್ ಬರುತ್ತಿದ್ದರು. ಅತ್ತೆ ಇದನ್ನೆಲ್ಲ ಸುಮ್ಮನೆ ಗಮನಿಸುತ್ತಿದ್ದರು. ಒಂದು ದಿನ, "ಇಷ್ಟ್ ದೊಡ್ಡ ಮನಿ ಐತಿ, ಇಬ್ರೂ ಒಂದ ರೂಮಿನಾಗ ಎಲ್ಲಾ ಸಾಮಾನು ಇಟ್ಕಂಡು ಕುಂತಿರಲ್ಲ, ಏನ್ ನಿಮ್ ಬಾಳೇವು" ಎಂದರು. ಹೌದು, ನಮಗೆ ಕೈಚಾಚಿದರೆ ಒಲೆ, ಕಾಲುಚಾಚಿದರೆ ಹಾಸಿಗೆ ಸಿಗಬೇಕು. ಟ್ರೇಲರ್ ಎಂಬ ಯೋಚನೆ ಅಲ್ಲಿಂದ ಶುರುವಾಯಿತು. ನಾದಿನಿ ಬಂದು ಅತ್ತೆಯ ಜೊತೆ ಇರುವ ದಿನಗಳಲ್ಲಿ ಹೊರಡುವುದು, ಚಿತ್ರದುರ್ಗ ಸುತ್ತಿ ಬರುವಷ್ಟು ದೂರ ಹೋಗುವುದು ಎಂದು ಗಡಿ ಹಾಕಿಕೊಂಡೆವು.

ಎಂಜಿನ್ ಸಮೇತ ಇರುವ ಕ್ಯಾರವಾನ್ ಯಾಕೆ ಬೇಡ ಅಂದರೆ, ದೋಣಿಯವರಿಗೆ ಅದರ ಉತ್ತರ ಗೊತ್ತು. ದೊಡ್ಡ ದೋಣಿಯನ್ನು ಲಂಗರಿಗೆ ಬಿಟ್ಟು ಪುಟ್ಟ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗಿ ತರಕಾರಿ ತರುತ್ತೇವೆ. ಟ್ರೇಲರ್ ಕಳಚಿಟ್ಟು ಜೀಪಿನಲ್ಲಿ ಸಂತೆಗೆ ಹೋಗಿ ಬರಬಹುದು. ಹಾಲು ತರಲು ಇಡೀ ಮನೆಯನ್ನೇ ಓಡಿಸಿಕೊಂಡು ಹೋಗುವ ಗಾಡಿ ನನಗೆ ಬೇಡವೆನಿಸಿತು.

ಕಾಗದಪತ್ರದ ಕೆಲಸದಲ್ಲಿ ಕಲಿತದ್ದು ಇಷ್ಟು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಬೇರೆಯೇ ಒಂದು ವಾಹನ, ಅದಕ್ಕೆ ಅದರದ್ದೇ ನೋಂದಣಿ ಬೇಕು. 61ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಟ್ರೇಲರಿನ ಸಂಖ್ಯೆ ಎಳೆಯುವ ಗಾಡಿಯ ಪಕ್ಕದಲ್ಲಿ ಕಾಣಬೇಕು, ಎಳೆಯುವ ಗಾಡಿಯ ಸಂಖ್ಯೆ ಟ್ರೇಲರಿನ ಮೇಲೆ ಕಾಣಬೇಕು. ಹಾಗಾಗಿ ನಮ್ಮಲ್ಲಿ ಎರಡು ಕೆಎ 17 ಸಂಖ್ಯೆಗಳು ಒಂದರ ಮೈಮೇಲೆ ಇನ್ನೊಂದು ಕೂತಿವೆ. ಹೊಸಬರಿಗೆ ನನ್ನ ಸಲಹೆ, ಗ್ಯಾರೇಜಿನಲ್ಲಿ ಚಾಸಿ ಬೆಸೆಸಿಕೊಳ್ಳಲು ಹೋಗಬೇಡಿ. ಸರ್ಕಾರದ ಪರೀಕ್ಷೆ ದಾಟಿ ಒಪ್ಪಿಗೆ ಪಡೆದ ತಯಾರಕರದ್ದೇ ಕೊಳ್ಳಿ, ಒಳಗಿನ ಬಡಗಿ ಕೆಲಸ ಬೇಕಾದರೆ ಊರಿನಲ್ಲಿ ಮಾಡಿಸಿ. ನಾವು ಕೊಂಡದ್ದು ಚಾವಣಿಯನ್ನು ಎತ್ತಿ ಇಳಿಸುವ ಬಗೆಯದು. ಓಡುವಾಗ ಗಿಡ್ಡ, ನಿಂತಾಗ ಕ್ಯಾನ್ವಾಸ್ ಗೋಡೆ ಬಿಚ್ಚಿ ತಲೆ ತಾಗದಷ್ಟು ಎತ್ತರ. ಇದು ಯಾಕೆ ಮುಖ್ಯ ಎಂಬುದು ಗಾಳಿಯ ಮಾತು ಬಂದಾಗ ತಿಳಿಯುತ್ತದೆ.

ಒಳಗಿನ ಕೆಲಸದಲ್ಲಿ ದೋಣಿ ಬಹಳ ಉಪಯೋಗಕ್ಕೆ ಬಂತು. ಪ್ರತಿ ಕಪಾಟಿಗೂ ಒತ್ತಿದರಷ್ಟೇ ತೆರೆಯುವ ಚಿಲಕ, ಕಟ್ಟೆಯ ಅಂಚಿಗೆ ಲೋಟ ಜಾರದಂತೆ ಎರಡು ಬೆರಳೆತ್ತರದ ಪಟ್ಟಿ, 12 ವೋಲ್ಟಿನ ಫ್ಯಾನು. ಗ್ಯಾಸ್ ವಿಚಾರದಲ್ಲಿ ಮಾತ್ರ ಬಡಗಿಗೂ ನನಗೂ ಜಟಾಪಟಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದು ಮಡುಗಟ್ಟುತ್ತದೆ. ದೋಣಿಯ ತಳದಲ್ಲಿ ಹಾಗೆ ಮಡುಗಟ್ಟಿದ ಅನಿಲಕ್ಕೆ ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರಿನ ಪೆಟ್ಟಿಗೆಗೆ ತಳದಲ್ಲಿ ರಂಧ್ರವಿರಬೇಕು, ಅದು ಹೊರಕ್ಕೆ ತೆರೆಯಬೇಕು. "ಧೂಳು ಬರ್ತತ್ರೀ ಅಕ್ಕಾರ, ಮುಚ್ಚಿಬಿಡ್ತೀನಿ" ಎಂದು ಬಡಗಿ ಹೇಳಿದ್ದೇ ಹೇಳಿದ್ದು. ಧೂಳಿನ ಬಗ್ಗೆ ಅವರ ಮಾತು ನಿಜ. ಓಡುವ ಟ್ರೇಲರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ, ಸಂದು ಸಿಕ್ಕಿದಲ್ಲೆಲ್ಲ ರಸ್ತೆಯ ಧೂಳು ಒಳಕ್ಕೆ ಸೇದಿಕೊಳ್ಳುತ್ತದೆ. ರಂಧ್ರ ಹಾಗೇ ಉಳಿಯಿತು, ಅದಕ್ಕೊಂದು ಜಾಲರಿ ಬಂತು.

ತೂಕದ ವಿಚಾರ ಮಾತ್ರ ಹೊಸ ಪಾಠ. ದೋಣಿಯಲ್ಲಿ ಭಾರ ತಳದಲ್ಲಿರಬೇಕು, ಅಷ್ಟು ನೋಡಿಕೊಂಡರೆ ಸಾಕು, ಐದಾರು ಟನ್ನಿನ ದೋಣಿಗೆ ಇನ್ನೊಂದು ಅಕ್ಕಿ ಚೀಲ ಲೆಕ್ಕಕ್ಕಿಲ್ಲ. ಟ್ರೇಲರಿಗೆ ಚೀಲ ಎಲ್ಲಿ ಕೂತಿದೆ ಎಂಬುದೇ ಲೆಕ್ಕ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಮುಂದಿನ ಕೊಕ್ಕೆಯ ಮೇಲೆ ಕೂರಬೇಕು. ಕಡಿಮೆಯಾದರೆ ಬಾಲ ಬೀಸುತ್ತದೆ, ಹೆಚ್ಚಾದರೆ ಜೀಪಿನ ಹಿಂಭಾಗ ಕುಸಿದು ಸ್ಟೇರಿಂಗ್ ಹಗುರಾಗುತ್ತದೆ. ಮೆಕ್ಕೆಜೋಳದ ಲಾರಿಗಳು ನಿಲ್ಲುವ ವೇ ಬ್ರಿಡ್ಜಿನಲ್ಲಿ ಇಡೀ ಟ್ರೇಲರ್ ತೂಗಿಸಿದೆವು: ಸಾಮಾನು, ನೀರು ಸೇರಿ 910 ಕಿಲೋ. ಮೂತಿಯನ್ನಷ್ಟೇ ತೂಗಲು ಚೀಲ ತೂಗುವ ಕಾಟಾ ಮೇಲೆ ಮುಂದಿನ ಪುಟ್ಟ ಚಕ್ರವನ್ನು ನಿಲ್ಲಿಸಿದೆವು. 60 ಕಿಲೋ ತೋರಿಸಿತು. ನಾವು ಫೋನಿನಲ್ಲಿ ಗುಣಾಕಾರ ಮಾಡುತ್ತಿದ್ದರೆ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಹಮಾಲಿ ಯಜಮಾನರು ಮೂತಿಯನ್ನು ಒಂದು ಸಲ ಎತ್ತಿ ನೋಡಿ, "ಹಿಂಭಾರ ಆಗೈತ್ರೀ" ಎಂದರು. ಎತ್ತಿನ ಗಾಡಿ ಹೂಡಿದವರಿಗೆ ಇದು ಹೊಸದೇನಲ್ಲವಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆಯ ಹಗ್ಗ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಕೊಂಚ ಮುಂಭಾರ ಇಟ್ಟು ಹೇರುವುದು ಗಾಡಿಯವರ ಲೆಕ್ಕ. ಇಂಗ್ಲಿಷ್ ಪುಸ್ತಿಕೆಯ ಎರಡು ಪುಟದ ವಿವರಣೆ ಆ ಒಂದು ಮಾತಿನಲ್ಲಿತ್ತು. ನೀರಿನ ಟ್ಯಾಂಕನ್ನು ಹಿಂದಿನಿಂದ ತೆಗೆದು ಅಚ್ಚಿನ ಮೇಲಕ್ಕೆ ತಂದೆವು, ಬ್ಯಾಟರಿಯನ್ನು ಮುಂದಕ್ಕೆ ಹಾಕಿದೆವು. ಮೂತಿ 100 ಕಿಲೋ ದಾಟಿತು.

ರಿವರ್ಸ್ ಕಲಿತದ್ದು ಊರಾಚೆಯ ಹೊಸ ಲೇಔಟಿನಲ್ಲಿ. ದಾವಣಗೆರೆಯಲ್ಲಿ ಇಂಥ ಜಾಗಕ್ಕೆ ಬರವಿಲ್ಲ: ಡಾಂಬರು ಬಿದ್ದಿರುತ್ತದೆ, ದೀಪದ ಕಂಬ ನೆಟ್ಟಿರುತ್ತದೆ, ಮನೆ ಒಂದೂ ಇರುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡಿಸುವ ನೆಂಟರ ಹುಡುಗನೊಬ್ಬ ಹೇಳಿಕೊಡಲು ಬಂದ. ಅವನು ಟ್ರೇಲರನ್ನು ಒಂದೇ ಕೈಯಲ್ಲಿ, ಹಿಂದೆ ತಿರುಗಿಯೂ ನೋಡದೆ ಕನ್ನಡಿಯಲ್ಲೇ ನೋಡಿಕೊಂಡು ಸಂದಿಗೆ ತೂರಿಸುತ್ತಾನೆ. ಇವರಿಗೆ ಅದು ಒಗ್ಗಲೇ ಇಲ್ಲ. ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು, ಕಾರು ಓಡಿಸಿ ಪಳಗಿದ ಕೈ ಅದಕ್ಕೆ ಒಪ್ಪುವುದಿಲ್ಲ. ಟ್ರೇಲರ್ ಮಡಚಿಕೊಂಡು ಜೀಪಿನ ಬಾಗಿಲಿಗೆ ಮುತ್ತಿಡುವಷ್ಟು ಹತ್ತಿರ ಬರುತ್ತಿತ್ತು. ನನಗೆ ಬೇಗ ಬಂತು, ಅದರಲ್ಲಿ ಜಾಣತನವೇನಿಲ್ಲ. ನಮ್ಮ ದೋಣಿಯ ಚುಕ್ಕಾಣಿಗೆ ಚಕ್ರವಿರಲಿಲ್ಲ, ಕೋಲು ಇತ್ತು. ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೊರಳುತ್ತದೆ. ಇವರ ಭುಜ ಕೈಕೊಟ್ಟ ಮೇಲೆ ಆ ಕೋಲು ನನ್ನ ಕೈಯಲ್ಲೇ ಇತ್ತು. "ಅಕ್ಕಾ, ನೀವು ಮೊದ್ಲು ಟ್ರ್ಯಾಕ್ಟರ್ ಹೊಡೆದೀರಿ, ಸುಳ್ಳು ಹೇಳಬ್ಯಾಡ್ರಿ" ಎಂದ ಹುಡುಗ. ಅಂದಿನಿಂದ ಹಿಂದಕ್ಕೆ ಹೋಗುವುದು ನನ್ನ ಕೆಲಸ, ಮುಂದಕ್ಕೆ ಹೋಗುವುದು ಅವರದ್ದು.

ಈಗ ಗಾಳಿಯ ವಿಚಾರ. ನಾನು ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ಹಾಯಿದೋಣಿಗೆ ಪಕ್ಕದಿಂದ ಬೀಸುವ ಗಾಳಿಯಷ್ಟು ಪ್ರಿಯವಾದದ್ದು ಇನ್ನೊಂದಿಲ್ಲ. ಎದುರು ಗಾಳಿಯಲ್ಲಿ ಅಡ್ಡಡ್ಡ ಓಡಾಡಿ ಸುಸ್ತಾಗಬೇಕು, ಬೆನ್ನ ಗಾಳಿಯಲ್ಲಿ ಓಲಾಡಿ ಹೊಟ್ಟೆ ತೊಳಸುತ್ತದೆ. ಪಕ್ಕದ ಗಾಳಿಯಲ್ಲಿ ಹಾಯಿ ಅರ್ಧ ಬಿಚ್ಚಿ, ಸ್ವಲ್ಪ ವಾಲಿಕೊಂಡು ದೋಣಿ ಸರಾಗ ಓಡುತ್ತದೆ. ನೀರೊಳಗೆ ಇಳಿಬಿಟ್ಟ ಭಾರದ ಕೀಲ್ ಅದನ್ನು ಮಗುಚಲೂ ಬಿಡುವುದಿಲ್ಲ, ಪಕ್ಕಕ್ಕೆ ಜಾರಲೂ ಬಿಡುವುದಿಲ್ಲ. ಅದೇ ಗಾಳಿ ಟ್ರೇಲರಿಗೆ ಶತ್ರು. ಅದಕ್ಕೆ ಕೀಲ್ ಎಲ್ಲಿದೆ? ಎರಡು ಟೈರು, ಒಂದು ಗೋಡೆ, ಅಷ್ಟೇ.

ಚಿತ್ರದುರ್ಗದಿಂದ ದಾವಣಗೆರೆಗೆ ಬರುವ ರಾಷ್ಟ್ರೀಯ ಹೆದ್ದಾರಿ 48, ನಮ್ಮ ಹಳೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ, ವಾಯುವ್ಯಕ್ಕೆ ಮುಖ ಮಾಡಿದೆ. ಮುಂಗಾರಿನ ಗಾಳಿ ನೈಋತ್ಯ, ಪಶ್ಚಿಮದ ಕಡೆಯಿಂದ ಬರುತ್ತದೆ. ನಕ್ಷೆಯ ಮೇಲೆ ಗೀಟು ಎಳೆದು ನೋಡಿದರೆ ಹೆಚ್ಚುಕಡಿಮೆ ನೇರ ಅಡ್ಡ. ದುರ್ಗದ ಸುತ್ತ ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಊರಿನವರು ಅವನ್ನು ಫ್ಯಾನು ಎನ್ನುತ್ತಾರೆ, ಕರೆಂಟು ತಯಾರಿಸುವ ಯಂತ್ರ ಎಂದು ನೋಡುತ್ತಾರೆ. ನನಗೆ ಅವು ದಿಕ್ಸೂಚಿ. ಫ್ಯಾನಿನ ಮುಖ ತಾನೇ ತಿರುಗಿ ಗಾಳಿಗೆ ಎದುರಾಗಿ ನಿಲ್ಲುತ್ತದೆ, ಹಾಗಾಗಿ ಮುಖ ಎತ್ತ ಇದೆಯೋ ಗಾಳಿ ಅತ್ತಲಿಂದ. ಕೂವೆಕಂಬದ ತುದಿಯ ಗಾಳಿಪಟ್ಟಿ ನೋಡಿ ನೋಡಿ ರೂಢಿಯಾದ ಕಣ್ಣು, ಹೆದ್ದಾರಿಯಲ್ಲಿ ಬೆಟ್ಟದ ಮೇಲಕ್ಕೇ ಹೋಗುತ್ತದೆ. ಫ್ಯಾನುಗಳು ರಸ್ತೆಗೆ ಅಡ್ಡಲಾಗಿ ಮುಖ ಮಾಡಿ ಜೋರಾಗಿ ಸುತ್ತುತ್ತಿದ್ದರೆ ಆ ದಿನ 60ರ ಮೇಲೆ ಹೋಗುವುದಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ದುರ್ಗ ದಾಟಿದ ಮೇಲೆ ಟ್ರೇಲರ್ ಬಾಲ ಬೀಸಿತು. ಕಂಟೈನರ್ ಲಾರಿಯೊಂದು ನಮ್ಮನ್ನು ಹಿಂದೆ ಹಾಕುತ್ತಿತ್ತು. ಲಾರಿಯ ಮೂತಿ ಪಕ್ಕಕ್ಕೆ ಬಂದಾಗ ಗಾಳಿ ನಮ್ಮನ್ನು ಎಡಕ್ಕೆ ನೂಕುತ್ತದೆ, ಲಾರಿ ಪಕ್ಕದಲ್ಲಿ ಸಾಗುವಾಗ ಅದರ ಕಡೆಗೇ ಸೆಳೆಯುತ್ತದೆ, ದಾಟಿದ ಕೂಡಲೇ ಬಯಲಿನ ಗಾಳಿ ಇನ್ನೊಂದು ಏಟು ಕೊಡುತ್ತದೆ. ಮೂರೂ ಒಟ್ಟಾದಾಗ ಕನ್ನಡಿಯಲ್ಲಿ ಟ್ರೇಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣಿಸತೊಡಗಿತು. ಇಂಥ ಹೊತ್ತಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಕೆಟ್ಟಿತು, ಬಾಲ ಮುಂದಕ್ಕೆ ಬರುತ್ತದೆ. ಸ್ಟೇರಿಂಗ್ ತಿರುಗಿಸಿ ಸರಿಮಾಡಲು ಹೋದರೂ ಅಷ್ಟೇ. ಕಾಲು ಆಕ್ಸಿಲರೇಟರ್‌ನಿಂದ ಮೆಲ್ಲಗೆ ತೆಗೆದು, ಸ್ಟೇರಿಂಗನ್ನು ನೇರ ಹಿಡಿದು, ಅದು ತಾನಾಗಿ ತಣಿಯುವವರೆಗೂ ಕಾಯಬೇಕು. ಇವರು ಕಾದರು. ಏನೂ ಮಾಡದೆ ಕೂರುವುದನ್ನು ಕಲಿಯಲು ಸಮುದ್ರಕ್ಕಿಂತ ಒಳ್ಳೆಯ ಶಾಲೆಯಿಲ್ಲ.

ದೋಣಿಯಲ್ಲಾದರೆ ಗಾಳಿ ಏರಿದಾಗ ಹಾಯಿಯನ್ನು ಮಡಚಿ ಚಿಕ್ಕದು ಮಾಡಬಹುದು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ, ಆದ್ದರಿಂದ ಜೋರಾಗುವ ಮುಂಚೆಯೇ ಮಡಚುವುದು ವಾಡಿಕೆ. ಟ್ರೇಲರಿನ ಗೋಡೆಯನ್ನು ಮಡಚುವಂತಿಲ್ಲ. ಅದಕ್ಕೇ ನಾನು ಇಳಿಯುವ ಚಾವಣಿಗೆ ಹಟ ಹಿಡಿದದ್ದು. ಎತ್ತರದ ಪೆಟ್ಟಿಗೆಯಂಥ ಟ್ರೇಲರ್ ಫೋಟೊದಲ್ಲಿ ಚೆಂದ; ಅದನ್ನು ದುರ್ಗದ ಬಯಲಿನಲ್ಲಿ ಆಷಾಢ ಮಾಸದಲ್ಲಿ ಎಳೆದು ನೋಡಿ ಆಮೇಲೆ ಮಾತಾಡಬೇಕು.

ನಿಂತ ಮೇಲೂ ಗಾಳಿಯ ಲೆಕ್ಕ ಮುಗಿಯುವುದಿಲ್ಲ. ಲಂಗರಿಗೆ ಬಿದ್ದ ದೋಣಿ ತಾನಾಗಿಯೇ ಗಾಳಿಗೆ ಮುಖ ತಿರುಗಿಸುತ್ತದೆ, ಮುಂದಿನ ಕಿಂಡಿ ತೆರೆದಿಟ್ಟರೆ ರಾತ್ರಿಯಿಡೀ ತಂಗಾಳಿ. ಟ್ರೇಲರ್ ನಿಲ್ಲಿಸಿದ ಹಾಗೇ ನಿಲ್ಲುತ್ತದೆ. ಬಿಸಿಲಿಗೆ ನಿಲ್ಲಿಸಿದರೆ ಸೌರ ಫಲಕಕ್ಕೆ ಹಬ್ಬ, ನಮಗೆ ಬೇಗೆ. ಹುಣಸೆಮರದಡಿ ನಿಲ್ಲಿಸಿದರೆ ನಮಗೆ ನೆಮ್ಮದಿ, ಬ್ಯಾಟರಿಗೆ ಉಪವಾಸ. ಕೋಟೆಯ ಬಂಡೆಗಳ ಬುಡದಲ್ಲಿ ಬೇಸಿಗೆಯಲ್ಲಿ ನಿಲ್ಲಲೇಬಾರದು, ಹಗಲು ಕಾದ ಕಲ್ಲು ಕತ್ತಲಾದ ಮೇಲೂ ಬಹಳ ಹೊತ್ತು ಉಗುಳುತ್ತಿರುತ್ತದೆ.

ನೀರಿನ ಮಾತು ಬೇಗ ಮುಗಿಸುತ್ತೇನೆ. ಉಪ್ಪು ನೀರಿನ ನಡುವೆ ಸಿಹಿ ನೀರನ್ನು ಚೊಂಬಿನ ಲೆಕ್ಕದಲ್ಲಿ ಬಳಸಿದವರಿಗೆ ಚಳ್ಳಕೆರೆ, ಹಿರಿಯೂರಿನ ಕಡೆ ಕಷ್ಟವೇನೂ ಆಗಲಿಲ್ಲ. ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಕಷ್ಟವಿದ್ದದ್ದು ಶೌಚಾಲಯದ್ದು. ದೋಣಿಯಲ್ಲಿ ದಡದಿಂದ ದೂರ ಹೋಗಿ ಟ್ಯಾಂಕು ಖಾಲಿ ಮಾಡುತ್ತೇವೆ. ಇಲ್ಲಿ ಪೆಟ್ಟಿಗೆ ತುಂಬಿದರೆ ಹೊಲದಲ್ಲಿ ಸುರಿಯುವ ಹಾಗಿಲ್ಲ, ಕೆರೆಯ ಹತ್ತಿರ ಸುಳಿಯುವ ಹಾಗೂ ಇಲ್ಲ. ಪೆಟ್ರೋಲ್ ಬಂಕಿನವರನ್ನು ಕೇಳಿ ಅವರ ಶೌಚಾಲಯದಲ್ಲಿ ಸುರಿದು, ತೊಳೆದು, ತೊಳೆಯುವ ಹುಡುಗನ ಕೈಗೆ ಏನಾದರೂ ಕೊಟ್ಟು ಬರುತ್ತೇವೆ. ಎಲ್ಲ ಕಡೆ ಒಪ್ಪುವುದಿಲ್ಲ. ಹೀಗಾಗಿ ನಮ್ಮ ಪ್ರವಾಸದ ಉದ್ದವನ್ನು ಡೀಸೆಲ್ಲಾಗಲಿ ನೀರಾಗಲಿ ತೀರ್ಮಾನಿಸುವುದಿಲ್ಲ, ಆ ಪೆಟ್ಟಿಗೆ ತೀರ್ಮಾನಿಸುತ್ತದೆ.

ಕಡಲಿನಲ್ಲಿ ಕೊಲ್ಲಿಯೊಂದು ಕಂಡರೆ ಲಂಗರು ಬಿಟ್ಟು ಮಲಗುತ್ತಿದ್ದೆವು, ಅಲ್ಲಿ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನೆಲದ ಮೇಲೆ ಪ್ರತಿ ಗೇಣಿಗೂ ಒಡೆಯರಿದ್ದಾರೆ. ಸಂಜೆ ನಾಲ್ಕಾದರೆ ಯಾರನ್ನು ಕೇಳುವುದೆಂಬ ಯೋಚನೆ. ಬಿಳಿ ಬಣ್ಣದ ಗಾಡಿ ಕಂಡೊಡನೆ ಜನ ಸೇರುತ್ತಾರೆ. ಕಣ್ಣಿನ ಕ್ಯಾಂಪಾ, ಬಿಪಿ ನೋಡ್ತೀರಾ ಎಂದು ಅಜ್ಜಿಯರು ಬಾಗಿಲಲ್ಲಿ ಕೂರುತ್ತಾರೆ. ಇಲ್ಲವೆಂದು ಹೇಳಿ ಕಳಿಸಲು ಮನಸ್ಸಾಗದೆ ಇವರು ಬಿಪಿ ಯಂತ್ರವೊಂದನ್ನು ಕೊಂಡು ಇಟ್ಟುಕೊಂಡಿದ್ದಾರೆ. ಔಷಧಿ ಗಿವಷಧಿ ಹೇಳುವುದಿಲ್ಲ, ಅಂಕಿ ಬರೆದುಕೊಟ್ಟು ಡಾಕ್ಟರಿಗೆ ತೋರಿಸಿ ಎನ್ನುತ್ತಾರೆ. ಕೊಲ್ಲಿಯ ಏಕಾಂತ ಬೇಕೆನಿಸುವ ಸಂಜೆಗಳು ನನಗೆ ಈಗಲೂ ಇವೆ, ಅವರಿಗೆ ಇದ್ದ ಹಾಗೆ ಕಾಣುವುದಿಲ್ಲ.

ಹಿರಿಯೂರಿನ ಹತ್ತಿರ ಶೇಂಗಾ ಕಿತ್ತ ಹೊಲದಲ್ಲಿ ನಿಲ್ಲಲು ರೈತರೊಬ್ಬರು ಒಪ್ಪಿದರು. ಅದೇ ಹೊಲದಲ್ಲಿ ಕುರಿಯವರು ಮಂದೆ ಹಾಕಿದ್ದರು. ರಾತ್ರಿ ಕುರಿ ನಿಂತ ನೆಲಕ್ಕೆ ಗೊಬ್ಬರ ಸಿಗುತ್ತದೆ, ಅದಕ್ಕೆ ರೈತ ಕಾಳೋ ಹಣವೋ ಕೊಡುತ್ತಾರೆ. ನಮ್ಮ ಹಾಗೆ ಪುಕ್ಕಟೆ ನಿಲ್ಲುವವರಲ್ಲ ಅವರು. ಬಲೆ ಕಟ್ಟಿ ಮುಗಿಸಿ ಹಿರಿಯರೊಬ್ಬರು ಕಂಬಳಿ ಹೊದ್ದು ಬಂದು ಟ್ರೇಲರನ್ನು ಒಂದು ಸುತ್ತು ನೋಡಿದರು.

"ಎಷ್ಟಾತಮ್ಮ ಇದುಕ್ಕೆ?"

ಹೇಳಿದೆ. ಅವರು ಏನೂ ಅನ್ನಲಿಲ್ಲ, ಕುರಿಯ ಲೆಕ್ಕಕ್ಕೆ ತಿರುಗಿಸಿ ನೋಡುತ್ತಿದ್ದರೇನೋ. ಆಮೇಲೆ ಬಾಗಿಲ ಕಡೆ ಕೈ ತೋರಿಸಿದರು. "ಬಾಗ್ಲು ಅತ್ಲಾಗ್ ಮಾಡ್ಕಳಿ ಕಣಮ್ಮ. ಈ ದಿನ್ದಾಗೆ ರಾತ್ರಿ ಮೂಡ್ಲ ಗಾಳಿ ಎದ್ದೇಳ್ತೈತೆ, ಸೀದಾ ಒಳೀಕೇ ಬರ್ತೈತೆ."

ಫೋನಿನ ಹವಾಮಾನದಲ್ಲಿ ಗಾಳಿಯೇ ಇರಲಿಲ್ಲ. ಜೀಪು ಮತ್ತೆ ಕೊಕ್ಕೆಗೆ ಹಾಕಿ, ಟ್ರೇಲರ್ ತಿರುಗಿಸಿ ನಿಲ್ಲಿಸಿದೆ. ಎರಡು ಗಂಟೆಯ ಹೊತ್ತಿಗೆ ಮೂಡಣದಿಂದ ಗಾಳಿ ಬಂತು, ಕ್ಯಾನ್ವಾಸ್ ಪಟಪಟ ಬಡಿಯಿತು. ಇವರು ಎದ್ದು ಕೂತರು. ಲಂಗರಲ್ಲ, ಮಲಗಿ ಅಂದೆ.

ಬೆಳಿಗ್ಗೆ ವಾಣಿವಿಲಾಸ ಸಾಗರಕ್ಕೆ ಹೋದೆವು. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟನ್ನು ಜನ ಇನ್ನೂ ಮಾರಿಕಣಿವೆ ಎಂದೇ ಕರೆಯುತ್ತಾರೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಕಣಿವೆಯ ಸಂದಿನಿಂದ ನುಗ್ಗಿದ ಗಾಳಿಗೆ ನೀರಿನ ಮೇಲೆ ಬಿಳಿ ನೊರೆಯ ಸಾಲು ಏಳುತ್ತಿತ್ತು. "ಹದಿನೈದು ನಾಟ್ ಇದೆ" ಎಂದರು ಇವರು, ಕಡಲಿನವರು ಗಾಳಿಯ ವೇಗ ಹೇಳುವ ಲೆಕ್ಕದಲ್ಲಿ. ಹನ್ನೆರಡಕ್ಕಿಂತ ಹೆಚ್ಚಿಲ್ಲ ಎಂದೆ. ಅದರ ಮೇಲೆ ಊಟದವರೆಗೂ ವಾದ ನಡೆಯಿತು, ಇಬ್ಬರೂ ಬಿಟ್ಟುಕೊಡಲಿಲ್ಲ.

ಈಗ ಆಷಾಢ. ಟ್ರೇಲರ್ ಮನೆಯ ಪಕ್ಕದ ಸೈಟಿನಲ್ಲಿ ತಗಡಿನ ಕೆಳಗೆ ನಿಂತಿದೆ. ಚಕ್ರ ಬಿಚ್ಚಿ ಬೇರಿಂಗಿಗೆ ಹೊಸ ಗ್ರೀಸ್ ತುಂಬಿಸಿದ್ದಾಯಿತು, ಹಂಪುಗಳ ಕುಲುಕಾಟಕ್ಕೆ ಸಡಿಲವಾದ ತಿರುಪುಗಳನ್ನು ಇವರು ಒಂದೊಂದಾಗಿ ಬಿಗಿಯುತ್ತಿದ್ದಾರೆ. ಅತ್ತೆ ಮಧ್ಯಾಹ್ನದ ಹೊತ್ತು ಅದರೊಳಗೆ ಹೋಗಿ ಫ್ಯಾನು ಹಾಕಿಕೊಂಡು ಮಲಗುತ್ತಾರೆ. ಮನೆಯಲ್ಲಿ ಕರೆಂಟು ಹೋದರೂ ಅಲ್ಲಿ ಹೋಗುವುದಿಲ್ಲವಂತೆ. ದೀಪಾವಳಿ ಕಳೆದ ಮೇಲೆ ಸೂಳೆಕೆರೆಗೆ ಹೊರಟಾಗ ತಾವೂ ಬರುವುದಾಗಿ ಹೇಳಿದ್ದಾರೆ. ಹಾಗಾದರೆ ಮೂರನೆಯ ಹಾಸಿಗೆ ಎಲ್ಲಿ, ಅದರ ಭಾರ ಅಚ್ಚಿನ ಮುಂದೋ ಹಿಂದೋ ಎಂಬ ಲೆಕ್ಕ ಶುರುವಾಗಿದೆ.